ನಮ್ಮ ಹೊಳೆಯಂಚಿನ ಅಪ್ಪೆ ಮರಕ್ಕೆ ಕಸಿ ಕಟ್ಟಿಸಿದ್ದು: ಮಿಡಿ ಬಿಡುವ ತನಕ ಕಾದು ಬರೆದ ರಿವ್ಯೂ

ಈ ರಿವ್ಯೂ ತುಂಬಾ ತಡವಾಗಿ ಬರೆಯುತ್ತಿದ್ದೇನೆ, ಬೇಕಂತಲೇ. 2019ರ ಜೂನ್‌ನಲ್ಲಿ ನಮ್ಮ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ, ಪರಿಮಳದ ಮಾವಿನ ಮಿಡಿ) ಮರದ ಕಡ್ಡಿ ತೆಗೆದು ಕಸಿ ಕಟ್ಟಿಕೊಟ್ಟ ನರ್ಸರಿಯ ಬಗ್ಗೆ ಇದು. ಗಿಡ ಚಿಗುರಿದಾಗಲೇ ಬರೆಯಬಹುದಿತ್ತು, ನೆಟ್ಟಾಗಲೂ ಬರೆಯಬಹುದಿತ್ತು. ಆದರೆ ಅಪ್ಪೆ ಕಸಿಯ ನಿಜ ಗೊತ್ತಾಗುವುದು ಗಿಡ ಮಿಡಿ ಬಿಟ್ಟು, ಆ ಮಿಡಿಯ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿದಾಗ ಮಾತ್ರ. ಆ ದಿನ ಬಂದದ್ದು 2024ರ ಫೆಬ್ರುವರಿಯಲ್ಲಿ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನರ್ಸರಿಯ ಹೆಸರು ಹಾಕುತ್ತಿಲ್ಲ. ಅವರೇ ಬೇಡ ಅಂದರು. ಹೊಸನಗರದ ಕಡೆ ಮನೆಯ ಹಿಂದೆ ಒಂದು ಚಿಕ್ಕ ಶೇಡ್ ನೆಟ್, ಗಂಡ ಹೆಂಡತಿ ಇಬ್ಬರೇ ಮಾಡುವ ಕೆಲಸ, ಫೋನ್ ಜಾಸ್ತಿ ಬಂದರೆ ಕೈ ಸಾಲುವುದಿಲ್ಲ ಅನ್ನುವುದು ಅವರ ಕಷ್ಟ. ಆದರೆ ಇಂಥ ಕೆಲಸ ಗೊತ್ತಿರುವವರು ಸಾಗರ, ಶಿರಸಿ, ಹೊಸನಗರದ ಸುತ್ತ ಇನ್ನೂ ಇದ್ದಾರೆ. ಹೋದಾಗ ಏನು ನೋಡಬೇಕು, ಏನು ಕೇಳಬೇಕು ಅಂತ ನಿಮಗೆ ಗೊತ್ತಾದರೆ ಸಾಕು.

ಮೊದಲು ಮರದ ವಿಷಯ ಹೇಳಬೇಕು. ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಡಿಕೆ ತೋಟದ ಕೆಳಗೆ ಹೊಳೆ, ಮುಂದೆ ಹೋಗಿ ಶರಾವತಿ ಸೇರುತ್ತದೆ. ಆ ಹೊಳೆಯ ದಂಡೆಯಲ್ಲಿ ಈ ಮರ ಇತ್ತು. ನಮ್ಮ ಮನೆಯವರು ಯಾರೂ ನೆಟ್ಟಿದ್ದಲ್ಲ. ಅಜ್ಜಿ ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರವಂತೆ. ಯಾವುದೋ ಮಳೆಗಾಲದಲ್ಲಿ ಹೊಳೆಯೇ ಒಂದು ಗೊರಟು ತಂದು ಅಲ್ಲಿ ಇಟ್ಟಿರಬೇಕು. ನೆಡದೆ, ನೀರು ಹಾಕದೆ, ಗೊಬ್ಬರ ಕೊಡದೆ ಮೂರು ತಲೆಮಾರು ಅದರ ಮಿಡಿ ಉಂಡಿದ್ದೇವೆ. ನನಗೆ ಅದು ಯಾವಾಗಲೂ ಮನಸ್ಸಿಗೆ ತಟ್ಟುತ್ತಿದ್ದ ವಿಷಯ. ತೆಂಗು ನೆಟ್ಟವರು ಅಜ್ಜ, ಅಡಿಕೆ ನೆಟ್ಟವರು ಅಪ್ಪ. ಇದು ಮಾತ್ರ ತಾನಾಗೇ ನಮ್ಮ ಮನೆಗೆ ಬಂದ ಮರ.

ಹೊರಗಿನವರಿಗೆ ಒಂದು ಮಾತು. ಎಲ್ಲಾ ಮಾವಿನ ಮಿಡಿಯೂ ಅಪ್ಪೆಮಿಡಿ ಅಲ್ಲ. ಶರಾವತಿ, ಅಘನಾಶಿನಿ, ಕಾಳಿ, ವರದಾ, ಕುಮುದ್ವತಿ ಹೊಳೆಗಳ ದಂಡೆಯಲ್ಲಿ ತಾನಾಗೇ ಬೆಳೆದ ಕಾಡು ಮಾವಿನ ಮರಗಳಲ್ಲಿ ಕೆಲವಕ್ಕೆ ಮಾತ್ರ ಆ ಸೊನೆ, ಆ ಪರಿಮಳ. ಇಂಥ ಊರಿನದೇ ಬೆಳೆ ಅಂತ ಕೊಡುವ ಜಿಐ (ಭೌಗೋಳಿಕ) ಗುರುತೂ ಸಿಕ್ಕಿದೆ ಇದಕ್ಕೆ. ಮರದಿಂದ ಮರಕ್ಕೆ ವಾಸನೆ ಬೇರೆ. ನಮ್ಮದು ಜೀರಿಗೆ ಅಪ್ಪೆ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಆ ಕ್ಷಣಕ್ಕೆ ಪಕ್ಕದಲ್ಲಿ ಯಾರೋ ಜೀರಿಗೆ ಹುರಿದು ಕುಟ್ಟಿದ ಹಾಗೆ. ಉಪ್ಪಲ್ಲಿ ಹಾಕಿ, ಮಿಡಿ ಸುಕ್ಕಿದ ಮೇಲೆ ಸಾಸಿವೆ ಮೆಣಸು ಅರೆದು ಕಲಸಿಟ್ಟರೆ ವರ್ಷಗಟ್ಟಲೆ ಮೆತ್ತಗಾಗುವುದಿಲ್ಲ. ಎಣ್ಣೆ ಬೇಡ. ಅದೇ ಸೊನೆ ಅದನ್ನು ಕಾಯುತ್ತದೆ ಅಂತ ಅಮ್ಮ ಹೇಳುತ್ತಾಳೆ.

ಮಿಡಿ ಕೊಯ್ಯುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಕೊಂಬೆ ಕಡಿಯಬಾರದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮಿಡಿಗೆ ರೇಟ್ ಬಂದ ಮೇಲೆ ಹೊಳೆದಂಡೆಯ ಎಷ್ಟೋ ಮರಗಳ ಕೊಂಬೆಗಳನ್ನೇ ಕಡಿದು ಕೆಳಗೆ ಹಾಕಿ ಮಿಡಿ ಬಿಡಿಸಿಕೊಂಡು ಹೋಗುವವರು ಹುಟ್ಟಿಕೊಂಡರು. ಮರ ಮತ್ತೆ ಹೂ ಬಿಡುವುದೆಲ್ಲಿಂದ? ಅಜ್ಜಿ ಅಂಥವರನ್ನು ಬೇಲಿಯ ಒಳಗೆ ಬಿಡುತ್ತಿರಲಿಲ್ಲ. ಬುಟ್ಟಿ ಕಟ್ಟಿಕೊಂಡು ಹತ್ತಬೇಕು, ತೊಟ್ಟು ಸಮೇತ ಕೈಯಲ್ಲೇ ಕೊಯ್ಯಬೇಕು, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸಬೇಕು. ತುದಿಯ ಗೊಂಚಲು ಹಕ್ಕಿಗೆ, ಅಳಿಲಿಗೆ. ಭೂಮಿ ಹುಣ್ಣಿಮೆ ದಿನ ಗದ್ದೆಗೆ, ತೋಟಕ್ಕೆ ಚರಗ (ಭೂಮಿಗೆ ಎಡೆಯಾಗಿ ಬೀರುವ ಅಡುಗೆ) ಹಾಕಿ ಬಂದ ಮೇಲೆ ಅಜ್ಜಿ ಒಂದು ಹಿಡಿ ತೆಗೆದಿಟ್ಟು ಆ ಮರದ ಬುಡಕ್ಕೂ ಹಾಕಿ ಬರುತ್ತಿದ್ದಳು. ಅಜ್ಜಿ ಹೋದ ಮೇಲೆ ಅಮ್ಮ ಹಾಕುತ್ತಾಳೆ. ನಾನು ಚಿಕ್ಕವಳಿದ್ದಾಗ ಅದಕ್ಕೆ ಹಸಿವಾಗುತ್ತಾ ಅಂತ ಕೇಳಿದ್ದೆ. "ಹಸಿವಲ್ಲ, ನೆನಪು" ಅಂದಿದ್ದಳು ಅಜ್ಜಿ.

2018ರ ಮಳೆಗಾಲದಲ್ಲಿ ದಂಡೆ ಕುಸಿಯಿತು. ಬೇರಿನ ಒಂದು ಕಡೆ ಪೂರ್ತಿ ಬಯಲಾಗಿ ಮರ ಹೊಳೆಯ ಕಡೆ ವಾಲಿತು. ಅಪ್ಪ ಕಲ್ಲು ಪೇರಿಸಿದರು, ಮಣ್ಣು ಹಾಕಿಸಿದರು. ಆದರೂ ಇನ್ನೊಂದು ದೊಡ್ಡ ನೆರೆಗೆ ಇದು ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ.

ಗೊರಟು ಹಾಕಿ ಗಿಡ ಮಾಡಿದರಾಯಿತಲ್ಲ ಅಂತ ಕೆಲವರು ಹೇಳಿದರು. ಅದು ಹಾಗಲ್ಲ. ಹೂವಿಗೆ ಯಾವ ಮರದ ಪರಾಗ ಬಂದು ಕೂತಿತ್ತೋ ಯಾರಿಗೆ ಗೊತ್ತು? ಗೊರಟಿನಿಂದ ಎದ್ದ ಗಿಡ ಹತ್ತು ವರ್ಷ ಬೆಳೆದು, ಕೊನೆಗೆ ಜೀರಿಗೆ ವಾಸನೆಯೇ ಇಲ್ಲದ ಹುಳಿ ಮಿಡಿ ಕೊಟ್ಟರೆ ಏನು ಮಾಡುವುದು? ಅದು ಈ ಮರದ ಮಗು ಇರಬಹುದು, ಈ ಮರ ಅಲ್ಲ. ಕಸಿ ಕಟ್ಟಿದರೆ ಮಾತ್ರ ಅದೇ ಮರ ಇನ್ನೊಂದು ಕಡೆ ಬೇರು ಬಿಡುತ್ತದೆ.

ಮೊದಲು ಹೋಗಿದ್ದು ಬೇರೆ ಒಂದು ದೊಡ್ಡ ನರ್ಸರಿಗೆ. ಅಲ್ಲಿ ಕಟ್ಟಿಟ್ಟ ಅಪ್ಪೆ ಗಿಡಗಳು ಸಾಲು ಸಾಲಾಗಿದ್ದವು. ನಮ್ಮ ಮರದ ಕಡ್ಡಿ ತಂದುಕೊಟ್ಟರೆ ಕಟ್ಟಿಕೊಡುತ್ತೀರಾ ಅಂದರೆ, ಅದೆಲ್ಲ ಆಗಲ್ಲ, ರೆಡಿ ಗಿಡ ತಗೊಂಡು ಹೋಗಿ ಅಂದರು. ಅಮ್ಮ ಒಂದು ಗಿಡದ ಎಲೆ ಹಿಡಿದು "ಇದು ಯಾವ ಹೊಳೆದು ತಮ್ಮಾ?" ಅಂತ ಕೇಳಿದಳು. ಅಲ್ಲಿದ್ದ ಹುಡುಗನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಮ್ಮ ಎಲೆ ಬಿಟ್ಟು ಹೊರಗೆ ಬಂದಳು. ಅಪ್ಪೆ ಗಿಡ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು ಅಂತ ಈಗಲೂ ಹೇಳುತ್ತೇನೆ. ಯಾವ ಮರದ ಕಡ್ಡಿ, ಆ ಮರ ಎಲ್ಲಿದೆ, ಮಿಡಿ ಯಾರು ತಿಂದು ನೋಡಿದ್ದಾರೆ. ಉತ್ತರ ಇಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ.

ಈ ಹೊಸನಗರದ ಅಣ್ಣನ ಬಗ್ಗೆ ಹೇಳಿದ್ದು ನಮ್ಮ ಅತ್ತೆ. ಫೋನ್ ಮಾಡಿದಾಗ ಅವರು ರೇಟ್ ಹೇಳಲಿಲ್ಲ, ಎಷ್ಟು ಗಿಡ ಬೇಕು ಅಂತಲೂ ಕೇಳಲಿಲ್ಲ. "ಮರ ನೋಡ್ದೆ ನಾನು ಕಡ್ಡಿ ಮುಟ್ಟೋದಿಲ್ಲ ತಂಗಿ, ಒಂದ್ಸಲ ಬರ್ತೇನೆ" ಅಂದರು. ಎರಡು ಬಸ್ ಬದಲಿಸಿ ಬಂದರು ಕೂಡ. ಬಂದವರು ಮೊದಲು ಮರದ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಬಯಲಾದ ಬೇರು ನೋಡಿದರು. ಆಮೇಲೆ ತಲೆ ಎತ್ತಿ ತುಂಬಾ ಹೊತ್ತು ಕೊಂಬೆ ನೋಡುತ್ತಾ ನಿಂತರು. ಬಂದಳಿಕೆ ಹತ್ತಿದೆಯಾ, ಯಾವ ಕೊಂಬೆ ಒಣಗುತ್ತಿದೆ, ಎಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ. ನಂತರ ಅಮ್ಮನಿಗೆ ಪ್ರಶ್ನೆ ಶುರು. ಪ್ರತಿ ವರ್ಷ ಬಿಡುತ್ತಾ, ವರ್ಷ ಬಿಟ್ಟು ವರ್ಷವಾ? ಮಿಡಿ ಉದ್ದವೋ ಗುಂಡೋ? ಎಷ್ಟು ವರ್ಷ ಭರಣಿಯಲ್ಲಿ ಇಟ್ಟಿದ್ದೀರಿ? ಸಿಪ್ಪೆ ದಪ್ಪ ಆಗುತ್ತಾ? ಕೊನೆಗೆ "ಹಳೇ ಮಿಡಿ ಒಂದು ಇದ್ರೆ ಕೊಡಿ ಅಕ್ಕ" ಅಂದರು. ಅಮ್ಮ ಮೂರು ವರ್ಷದ ಭರಣಿಯಿಂದ ಒಂದು ತಂದುಕೊಟ್ಟಳು. ಅನ್ನ, ಸಾರು ಏನೂ ಇಲ್ಲದೆ ಹಾಗೇ ಕಚ್ಚಿ, ಕಣ್ಣು ಮುಚ್ಚಿ ತಿಂದರು. ಕಟುಂ ಅಂತ ಶಬ್ದ ಬಂತು. "ಇದು ಹೋಗ್ಬಾರ್ದು" ಅಂದರು. ಅಷ್ಟೇ ಮಾತು.

ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡರ ಬಗ್ಗೆ ಓದಿದವರಿಗೆ ನೆನಪಿರಬಹುದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದುಡಿದು ಪದ್ಮಶ್ರೀ ಪಡೆದ ತಾಯಿ. ಕಾಡಿನಲ್ಲಿ ತಾಯಿಮರ ಯಾವುದು ಅಂತ ಗುರುತು ಹಿಡಿದು ಬೀಜ ತರುವುದರಲ್ಲಿ ಅವರದು ಎತ್ತಿದ ಕೈಯಾಗಿತ್ತು. ಈ ಅಣ್ಣ ಮರದ ಕೆಳಗೆ ನಿಂತು ನೋಡುವುದನ್ನು ನೋಡಿದಾಗ ನನಗೆ ಆ ಮಾತು ನೆನಪಾಯಿತು. ತಾಯಿಮರ ಅನ್ನುವುದು ನರ್ಸರಿಯವರು ದಿನಾ ಬಳಸುವ ಪದ, ಆದರೆ ತಾಯಿಯನ್ನು ನೋಡಿದ ಹಾಗೆ ನೋಡುವವರು ಕಮ್ಮಿ.

ಅವತ್ತು ಕಡ್ಡಿ ತೆಗೆಯಲಿಲ್ಲ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳು ಬಲಿತ, ತುದಿಯ ಮೊಗ್ಗು ಉಬ್ಬಿ ಇನ್ನೂ ಒಡೆಯದ ರೆಂಬೆಗಳನ್ನು ಆರಿಸಿ, ಎಲೆಗಳನ್ನು ಮಾತ್ರ ಕತ್ತರಿಸಿದರು, ಎಲೆಯ ತೊಟ್ಟು ಬಿಟ್ಟು. ಹೀಗೆ ಬಿಟ್ಟರೆ ರಸವೆಲ್ಲ ಮೊಗ್ಗಿಗೆ ಹೋಗುತ್ತದೆ, ಎಂಟು ಹತ್ತು ದಿನಕ್ಕೆ ತೊಟ್ಟು ತಾನಾಗೇ ಉದುರುತ್ತದೆ, ಆಗ ಕಡ್ಡಿ ಹದಕ್ಕೆ ಬಂತು ಅಂತ. ಹಾಗೇ ಆಯಿತು. ಹತ್ತನೇ ದಿನ ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ಇಪ್ಪತ್ತನಾಲ್ಕು ಕಡ್ಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡರು. ಇಳಿಯುವಾಗ ಮರದ ಮೈಗೆ ಒಂದು ಸಲ ಕೈ ಒತ್ತಿ ಇಳಿದರು. ನಾನೂ ಅಮ್ಮನೂ ಅವರ ಜೊತೆಗೇ ಹೊಸನಗರಕ್ಕೆ ಹೋದೆವು. ಅಮ್ಮ ಆ ಕೊಟ್ಟೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಕಸಿ ಕಟ್ಟುವುದನ್ನು ನೀವು ಹತ್ತಿರದಿಂದ ನೋಡಿಲ್ಲ ಅಂದರೆ ಒಮ್ಮೆ ನೋಡಲೇಬೇಕು. ಅವರ ಹತ್ತಿರ ಮೊದಲೇ ಕಾಟು (ಕಾಡು) ಮಾವಿನ ಗೊರಟಿನಿಂದ ಎಬ್ಬಿಸಿದ ಗಿಡಗಳಿದ್ದವು, ಕಾಂಡ ಇನ್ನೂ ಮೆತ್ತಗಿರುವಂಥವು. ಕಡ್ಡಿಯ ದಪ್ಪಕ್ಕೆ ಸರಿ ಹೊಂದುವ ಗಿಡ ಆರಿಸುತ್ತಾರೆ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಅದ್ದಿ, ಗಿಡದ ತಲೆ ಕತ್ತರಿಸಿ, ನಡುವೆ ಒಂದು ಸೀಳು. ಕಡ್ಡಿಯ ಬುಡವನ್ನು ಎರಡೂ ಕಡೆ ಕೆತ್ತಿ ಬೆಣೆಯ ಹಾಗೆ ಮಾಡಿ ಆ ಸೀಳಿನಲ್ಲಿ ಕೂರಿಸುತ್ತಾರೆ. "ಸಿಪ್ಪೆಗೆ ಸಿಪ್ಪೆ ಸೇರ್ಬೇಕು ತಂಗಿ, ಒಂದು ಬದಿಯಾದ್ರೂ ಸರಿಯಾಗಿ ಸೇರ್ಬೇಕು" ಅಂತ ತೋರಿಸಿದರು. ಸಿಪ್ಪೆಯ ಕೆಳಗೆ ಕೂದಲೆಳೆಯಷ್ಟು ಹಸಿರು ಪದರ ಇರುತ್ತದೆ, ಜೀವ ಓಡಾಡುವುದು ಅಲ್ಲಿ. ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ತಲೆಯ ಮೇಲೆ ಐಸ್ ಕ್ಯಾಂಡಿ ಕವರ್ ಟೋಪಿಯ ಹಾಗೆ ಹಾಕಿ ಕೆಳಗೆ ಕಟ್ಟುತ್ತಾರೆ, ತೇವ ಆರದೆ ಇರಲಿ ಅಂತ. ಒಂದಕ್ಕೆ ಎರಡು ನಿಮಿಷವೂ ಇಲ್ಲ. ತಡ ಮಾಡಿದರೆ ಕತ್ತರಿಸಿದ ಜಾಗ ಒಣಗುತ್ತದಂತೆ. ಅವರು ಕಟ್ಟಿ ಕೊಡುತ್ತಿದ್ದರು, ಹೆಂಡತಿ ಚೀಟಿ ಬರೆದು ಸಿಕ್ಕಿಸುತ್ತಿದ್ದರು.

ಮೂರು ವಾರಕ್ಕೆ ಫೋನ್ ಮಾಡಿದೆ. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಈ ಸೇವೆಯಲ್ಲಿ ನನಗೆ ನಿಜವಾಗಿ ಬೇಜಾರಾದದ್ದು ಇದೊಂದು. ಆಸ್ಪತ್ರೆಯಲ್ಲಿ ನಮ್ಮವರನ್ನು ಬಿಟ್ಟು ಬಂದು ಸುದ್ದಿ ಸಿಗದೆ ಇದ್ದರೆ ಹೇಗಿರುತ್ತದೋ ಹಾಗಿತ್ತು. ವಾರ ಕಳೆದು ಅವರೇ ಮಾಡಿ "ಹದಿನೈದು ಚಿಗುರಿದಾವೆ" ಅಂದರು. ಇಪ್ಪತ್ತನಾಲ್ಕರಲ್ಲಿ ಹದಿನೈದು. ಕಮ್ಮಿಯಾಯಿತಾ ಅಂತ ಕೇಳಿದೆ. ಮರಕ್ಕೆ ವಯಸ್ಸಾಗಿದೆ, ಬೇರಿಗೆ ಪೆಟ್ಟಾಗಿದೆ, ಇಷ್ಟು ಬಂದದ್ದೇ ದೊಡ್ಡದು ಅಂದರು.

ಅದಾಗಿ ಕೆಲವೇ ದಿನ. 2019ರ ಆಗಸ್ಟ್ ಮೊದಲ ವಾರದ ಮಳೆ ಮಲೆನಾಡಿನವರು ಯಾರೂ ಮರೆಯುವುದಿಲ್ಲ. ರಾತ್ರಿ ಹೊಳೆಯ ಸದ್ದಿನಲ್ಲಿ ಬೇರೆ ಏನೂ ಕೇಳಿಸಲಿಲ್ಲ. ಬೆಳಿಗ್ಗೆ ಅಪ್ಪ ಕೊಡೆ ಹಿಡಿದು ಕೆಳಗೆ ಹೋಗಿ ಬಂದು ಜಗಲಿಯ ಮೇಲೆ ಕೂತರು. ನಾನು ಶಿವಮೊಗ್ಗದಲ್ಲಿದ್ದೆ, ಅಮ್ಮ ಫೋನ್‌ನಲ್ಲಿ "ಹೋಯ್ತು" ಅಂದಳು ಅಷ್ಟೆ. ಏನು ಹೋಯ್ತು ಅಂತ ನಾನು ಕೇಳಲಿಲ್ಲ. ನೀರು ಇಳಿದ ಮೇಲೆ ನೋಡಿದರೆ ಮರ ಇದ್ದ ಜಾಗದಲ್ಲಿ ಕೆಂಪು ಮಣ್ಣಿನ ಗುಂಡಿ, ಅದರಲ್ಲಿ ನೀರು. ಮರದ ಮುಂಡ ಎಷ್ಟೋ ದೂರ ಕೆಳಗೆ ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು. ಕಟ್ಟಿಗೆಗೆ ಕೇಳಿಕೊಂಡು ಬಂದರು. ಅಪ್ಪ ಕೊಡಲಿಲ್ಲ. ಅದು ಅಲ್ಲೇ ಇದೆ, ಮೇಲೆ ಈಗ ಜರಿಗಿಡ ಎದ್ದಿದೆ, ಬೇಸಿಗೆಯಲ್ಲಿ ಅದರ ಅಡಿ ಮೀನು ಮರಿಗಳು ಇರುತ್ತವೆ.

ಆ ವರ್ಷದ ಭೂಮಿ ಹುಣ್ಣಿಮೆಗೆ ಅಮ್ಮ ಆ ಗುಂಡಿಯ ಅಂಚಿಗೇ ಚರಗ ಹಾಕಿ ಬಂದಳು.

ಗಿಡ ತರಲು ಹೋದದ್ದು ಮರುವರ್ಷ ಜೂನ್‌ನಲ್ಲಿ. ಅಷ್ಟರಲ್ಲಿ ನಾಲ್ಕು ಗಿಡ ಸತ್ತು ಹನ್ನೊಂದು ಉಳಿದಿದ್ದವು. ಎರಡರ ಚೀಟಿ ಮಳೆಗೆ ಅಳಿಸಿಹೋಗಿತ್ತು. ಇದು ಅವರ ತಪ್ಪು, ಇಷ್ಟು ಕಷ್ಟಪಟ್ಟು ಕಟ್ಟಿದ ಗಿಡಕ್ಕೆ ಅಳಿಸದ ಪೇಂಟಲ್ಲಿ ಬರೆದ ತಗಡಿನ ಬಿಲ್ಲೆ ಹಾಕಬೇಕಿತ್ತು. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ. ಎರಡನ್ನೂ ಬೇರೆ ಇಟ್ಟು "ಇವು ನಿಮ್ಮವೇ ಅಂತ ಎದೆ ಮುಟ್ಟಿ ಹೇಳಕ್ಕಾಗಲ್ಲ, ಕೊಡಲ್ಲ" ಅಂದರು. ಅವರು ಹೇಳದೆ ಇದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಉಳಿದ ಒಂಬತ್ತರಲ್ಲಿ ಎರಡನ್ನು ತಮಗೆ ಬಿಟ್ಟುಕೊಡಿ ಅಂತ ಕೇಳಿಕೊಂಡರು, ಒಂದೇ ಜಾಗದಲ್ಲಿ ಎಲ್ಲಾ ಇದ್ದರೆ ಮತ್ತೆ ನೆರೆ ಬಂದರೆ ಏನು ಮಾಡುತ್ತೀರಿ ಅಂತ. ಏಳು ಗಿಡಕ್ಕೆ ತಲಾ 120 ರೂಪಾಯಿ. ಸತ್ತ ಗಿಡಕ್ಕೆ, ಬಂದು ಮರ ನೋಡಿದ್ದಕ್ಕೆ ಒಂದು ರೂಪಾಯಿ ತಗೊಳ್ಳಲಿಲ್ಲ. ಅಮ್ಮ ಒಯ್ದಿದ್ದ ಮಿಡಿ ಉಪ್ಪಿನಕಾಯಿ ಮಾತ್ರ ತಗೊಂಡರು.

ನೆಡುವಾಗ ಅವರು ಹೇಳಿದ ಮಾತುಗಳು ನಿಮಗೂ ಬೇಕಾಗುತ್ತವೆ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆಯೇ ಇರಬೇಕು. ಪಟ್ಟಿ ಇನ್ನೂ ಇದ್ದರೆ ಬ್ಲೇಡಿನಿಂದ ಮೆಲ್ಲಗೆ ಸೀಳಿ ತೆಗೆಯಬೇಕು, ಇಲ್ಲದಿದ್ದರೆ ಕಾಂಡ ದಪ್ಪವಾದಂತೆ ಅದೇ ಕತ್ತು ಹಿಸುಕುತ್ತದೆ. ಗಂಟಿನ ಕೆಳಗಿನಿಂದ ಚಿಗುರು ಬಂದರೆ ಕೂಡಲೇ ಚಿವುಟಬೇಕು, ಅದು ಕಾಟು ಮಾವಿನದು, ಬಿಟ್ಟರೆ ನಮ್ಮ ಕಡ್ಡಿಯನ್ನೇ ತಿಂದುಹಾಕುತ್ತದೆ. ಮೊದಲ ಎರಡು ಮೂರು ವರ್ಷ ಹೂ ಬಂದರೆ ಕಿತ್ತುಬಿಡಿ ಅಂದಿದ್ದರು. ಇದು ಎಲ್ಲಕ್ಕಿಂತ ಕಷ್ಟ. 2022ರಲ್ಲಿ ಒಂದು ಗಿಡ ಸೊಂಟದ ಎತ್ತರಕ್ಕೂ ಬಂದಿರಲಿಲ್ಲ, ಹೂ ಬಿಟ್ಟಿತು. ಅಮ್ಮ ಕೀಳಲಾರೆ ಅಂದಳು, ನಾನೇ ಕಿತ್ತೆ.

ಏಳರಲ್ಲಿ ಒಂದನ್ನು ಗೆದ್ದಲು ತಿಂದಿತು. ಒಂದು ಅತ್ತೆಯ ಮನೆಯಲ್ಲಿದೆ. ಮೂರು ಅಂಗಳದ ಮೇಲಿನ ದಿಬ್ಬದಲ್ಲಿ. ಎರಡನ್ನು ಅಪ್ಪ ಹಟ ಹಿಡಿದು ಹೊಳೆಯ ಹತ್ತಿರವೇ ನೆಟ್ಟರು, ಹಳೆಯ ಗುಂಡಿಯಿಂದ ಹದಿನೈದು ಮಾರು ಮೇಲೆ. ಹೊಳೆ ಕೊಟ್ಟ ಮರ, ಹೊಳೆಯ ಸದ್ದು ಕೇಳಿಸಬೇಕು ಅನ್ನುವುದು ಅವರ ಲೆಕ್ಕ. ಗೆದ್ದಲು ತಿಂದ ಸುದ್ದಿ ಹೇಳಿದಾಗ ನರ್ಸರಿಯ ಅಣ್ಣ ತಮ್ಮಲ್ಲಿದ್ದ ಗಿಡದಿಂದಲೇ ಕಡ್ಡಿ ತೆಗೆದು ಇನ್ನೊಂದು ಕಟ್ಟಿ ಕೊಟ್ಟರು. ದುಡ್ಡು ಕೊಡಲು ಹೋದರೆ "ನಿಮ್ ಮರ ನಿಮ್ಗೆ ವಾಪಸ್ ಕೊಟ್ಟಿದ್ದು" ಅಂದರು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಫೋನಿಗೆ ಮತ್ತು ಚೀಟಿಗೆ. ನಿಮ್ಮ ಮನೆಯಲ್ಲೂ ರಸ್ತೆ ಅಗಲವಾಗುವಲ್ಲಿ, ದಂಡೆ ಕುಸಿಯುವಲ್ಲಿ ಇಂಥ ಒಂದು ಮರ ಇದ್ದರೆ ಮುಂದಿನ ವರ್ಷ ನೋಡೋಣ ಅನ್ನಬೇಡಿ. ನಾವು ಕಡ್ಡಿ ತೆಗೆದದ್ದಕ್ಕೂ ಮರ ಹೋದದ್ದಕ್ಕೂ ನಡುವೆ ಎರಡು ತಿಂಗಳೂ ಇರಲಿಲ್ಲ.

ಫೆಬ್ರುವರಿಯಲ್ಲಿ ದಿಬ್ಬದ ಗಿಡದಲ್ಲಿ ಹದಿನಾಲ್ಕು ಮಿಡಿ ನಿಂತವು. ಅಮ್ಮ ಒಂದನ್ನು ತೊಟ್ಟು ಸಮೇತ ಕೊಯ್ದು, ನನ್ನ ಮುಖದ ಹತ್ತಿರ ತಂದು ತೊಟ್ಟು ಮುರಿದಳು. ಸೊನೆ ಚಿಮ್ಮಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಜೀರಿಗೆ. ಇಬ್ಬರೂ ಮಾತಾಡಲಿಲ್ಲ. ಅವಳು ಆ ಬೆರಳನ್ನು ತೊಳೆಯದೆ ಸಂಜೆಯ ತನಕ ಹಾಗೇ ಇಟ್ಟುಕೊಂಡಿದ್ದಳು, ಸೊನೆ ತಾಗಿದರೆ ಚರ್ಮ ಸುಡುತ್ತದೆ ಅಂತ ಗೊತ್ತಿದ್ದೂ. ಆಮೇಲೆ ಆ ಅಣ್ಣನಿಗೆ ಫೋನ್ ಮಾಡಿದೆ. ಅವತ್ತು ಮೊದಲನೇ ರಿಂಗಿಗೇ ಎತ್ತಿದರು. ಮಿಡಿ ಬಿಟ್ಟಿದೆ ಅಂದ ಕೂಡಲೇ ಎಷ್ಟು ಅಂತ ಕೇಳಲಿಲ್ಲ, "ವಾಸ್ನೆ?" ಅಂತ ಕೇಳಿದರು. ಅದೇ ವಾಸನೆ ಅಂದೆ. ಆ ಕಡೆಯಿಂದ ಹೆಂಡತಿಯನ್ನು ಕೂಗಿ ಹೇಳುವುದು ಕೇಳಿಸಿತು. ಹದಿಮೂರು ಮಿಡಿ ಈಗ ಭರಣಿಯ ಉಪ್ಪಲ್ಲಿವೆ, ಅದರಲ್ಲಿ ಮೂರು ಅವರದು ಅಂತ ಅಮ್ಮ ಆಗಲೇ ಎಣಿಸಿಟ್ಟಿದ್ದಾಳೆ.